ನಮ್ಮ ಕಾರಿನ ಸೆಲ್ಫು

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಯಾರೂ ಸ್ಟಾರ್ಟರ್ ಮೋಟರು ಎನ್ನುವುದಿಲ್ಲ. ‘ಸೆಲ್ಫ್ ಹೋಗಿದೆ’ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದ ನನಗೆ ಮೊದಲ ಸಲ ಕೇಳಿದಾಗ ಇದೇನೋ ವೇದಾಂತದ ಮಾತು ಅನಿಸಿತ್ತು. ಅದು ಹೋದರೆ ಏನಾಗುತ್ತದೆ ಎಂದು ಗೊತ್ತಾದದ್ದು 2012ರ ಜೂನ್ ತಿಂಗಳ ಒಂದು ರಾತ್ರಿ.

ಸುರತ್ಕಲ್ಲಿನಲ್ಲಿ ಸಮುದ್ರದ ಕಡೆಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆ. ಹೊರಗೆ ಗಾಳಿ, ಮಳೆ. ಎರಡು ಗಂಟೆಯ ಹೊತ್ತಿಗೆ ಇವರು ಎದ್ದು ಕೂತರು. ಎದೆ ಹಿಡಿದ ಹಾಗಿದೆ ಎಂದರು, ಮೈಯೆಲ್ಲ ಬೆವರು. ನನಗೆ ಲೈಸೆನ್ಸ್ ಇತ್ತು, ಅಂಗಳದಲ್ಲಿ ಮಾರುತಿ 800 ಇತ್ತು. ಓಡಿ ಹೋಗಿ ಕೀ ತಿರುಗಿಸಿದೆ. ಟಕ್. ಅಷ್ಟೇ. ಮತ್ತೆ ತಿರುಗಿಸಿದೆ. ಟಕ್.

ಮೂರು ತಿಂಗಳಿಂದ ಅದು ಆಗಾಗ ಹೀಗೆ ಮಾಡುತ್ತಿತ್ತು. ಆಗೆಲ್ಲ ಇವರು ಇಳಿಜಾರಿನಲ್ಲಿ ಬಾಗಿಲು ಹಿಡಿದು ದೂಡುತ್ತ, ಹತ್ತಿ ಕೂತು, ಎರಡನೇ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದರು. ಇಂಜಿನ್ನು ಕೆಮ್ಮಿ ಎದ್ದುಕೊಳ್ಳುತ್ತಿತ್ತು. ‘ನೋಡುವಾ, ಮಾಡಿಸುವಾ’ ಎಂದು ದಿನ ಹೋಯಿತು. ಆ ರಾತ್ರಿ ದೂಡುವವರೇ ಜಗಲಿಯಲ್ಲಿ ಎದೆ ಒತ್ತಿಕೊಂಡು ಕೂತಿದ್ದರು. ಕಾರಿನ ಮುಖ ಬೇರೆ ಮನೆಯ ಕಡೆಗಿತ್ತು. ಓಣಿಯ ತುದಿಯ ರಿಕ್ಷಾದ ಹುಡುಗ ಲುಂಗಿಯಲ್ಲೇ ಎದ್ದು ಬಂದ. ಅವನು ಬರುವವರೆಗಿನ ಆ ಕೆಲವು ನಿಮಿಷಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಮಂಗಳೂರಿನಲ್ಲಿ ಬೈಪಾಸ್ ಆಪರೇಷನ್ ಆಯಿತು. ಭಾರ ಎತ್ತಬಾರದು, ದೂಡಬಾರದು ಎಂಬ ಕಟ್ಟಪ್ಪಣೆಯೊಂದಿಗೆ ಮನೆಗೆ ಬಂದರು. ಕಾರು ನಿಂತಲ್ಲೇ ಇತ್ತು, ಬಾನೆಟ್ಟಿನ ಮೇಲೆ ಮಾವಿನ ಎಲೆ ಕೊಳೆಯುತ್ತಿತ್ತು. ‘ಗುಜರಿಗೆ ಕೊಟ್ಟುಬಿಡುವಾ. ಹಳತಾದ ಮೇಲೆ ರಿಪೇರಿ ಎಷ್ಟೂಂತ ಮಾಡುವುದು’ ಎಂದರು ಒಂದು ದಿನ. ಹೇಳಿದ ಧಾಟಿ ನನಗೆ ಸರಿಬರಲಿಲ್ಲ. ಮೆಕ್ಯಾನಿಕ್ ಹುಡುಗ ‘ನಾಳೆ ಬರ್ತೇನೆ ಟೀಚರೇ’ ಎನ್ನುತ್ತ ಎರಡು ವಾರ ಕಳೆದಿದ್ದ. ‘ನೀವು ಕುರ್ಚಿ ಹಾಕಿ ಕೂತು ಹೇಳಿ, ನಾನು ಬಿಚ್ಚುತ್ತೇನೆ’ ಎಂದೆ. ಇವರು ಬಹಳ ದಿನದ ನಂತರ ನಕ್ಕರು. ನನಗೆ ಸಿಟ್ಟೇ ಬಂತು.

ಚೌತಿ ಕಳೆದ ಮೇಲೆ ಒಂದು ಭಾನುವಾರ, ಒಳ್ಳೆಯ ಬಿಸಿಲು. ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದಿದ್ದೆ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಲು ಹೇಳಿದರು. ಲೈಟು ಮಂಕಾದರೆ ಬ್ಯಾಟರಿಯ ಮೇಲೆ ಅನುಮಾನ. ಲೈಟು ಹಾಗೇ ಉರಿದು ಬರೀ ಟಕ್ ಎಂದರೆ ಸೆಲ್ಫಿನ ಮೇಲೆ. ಉರಿಯಿತು. ನಮ್ಮ ಮಿಕ್ಸಿಯಲ್ಲಿ ಕಾರ್ಬನ್ ಸವೆದರೆ ಮೋಟರು ತಿರುಗುವುದಿಲ್ಲವಲ್ಲ, ಇದೂ ಅದೇ ರೋಗ. ಇಷ್ಟು ಸರಳವಾದದ್ದನ್ನು ಇಷ್ಟು ವರ್ಷ ನನಗೆ ಯಾರೂ ಯಾಕೆ ಹೇಳಿರಲಿಲ್ಲವೋ!

ಚಕ್ರಕ್ಕೆ ಮುರಕಲ್ಲು ಅಡ್ಡ ಇಟ್ಟೆವು. ಬರೀ ಜಾಕಿಯನ್ನು ನಂಬಿ ಅಡಿಗೆ ಹೋಗುವುದು ಬೇಡವೆಂದು ಹಲಸಿನ ದಿಮ್ಮಿ ಕೊಡಿಸಿದರು. ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಬೇಕು, ಇಲ್ಲದಿದ್ದರೆ ಸ್ಪಾನರು ತಾಗಿ ಕಿಡಿ ಹಾರುತ್ತದೆ. ಆಮೇಲೆ ಸೆಲ್ಫಿಗೆ ಬರುವ ದಪ್ಪ ತಂತಿ, ಸಣ್ಣ ತಂತಿ. ಕೆಲವೇ ಕ್ಷಣಗಳಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದಂತೆ, ಅದಕ್ಕೇ ಆ ದಪ್ಪ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ಕೂಡುವಲ್ಲಿ ಎರಡು ಬೋಲ್ಟು. ಒಂದು ಸಲೀಸಾಗಿ ಬಂತು. ಇನ್ನೊಂದು, ಸಮುದ್ರದ ಉಪ್ಪುಗಾಳಿ ತಿಂದು, ಕಚ್ಚಿ ಕೂತಿತ್ತು. ನಮ್ಮೂರಿನಲ್ಲಿ ಕಿಟಕಿಯ ಸರಳು, ಗೇಟಿನ ಚಿಲಕ, ಹೊಲಿಗೆ ಯಂತ್ರ ಯಾವುದನ್ನೂ ಈ ಗಾಳಿ ಬಿಟ್ಟದ್ದಿಲ್ಲ.

ತುಕ್ಕಿನ ಎಣ್ಣೆ ಹನಿಸಿ ಕಾಫಿ ಕುಡಿಯುತ್ತ ಕೂತೆವು. ಇವರಿಗೆ ಕಥೆಯ ಹುಮ್ಮಸ್ಸು ಬಂತು. ಮೊದಲು ಕಾರುಗಳನ್ನು ಹ್ಯಾಂಡಲ್ ತಿರುಗಿಸಿಯೇ ಎಬ್ಬಿಸಬೇಕಿತ್ತು, ಅದು ತಿರುಗಿ ಹೊಡೆದರೆ ಕೈಮೂಳೆ ಮುರಿಯುತ್ತಿತ್ತು. ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ಮೋಟರು ಮಾಡಿಕೊಟ್ಟಿದ್ದ ಚಾರ್ಲ್ಸ್ ಕೆಟರಿಂಗ್ ಎಂಬವನು ಕಾರಿಗೂ ಒಂದು ಮಾಡಿದ. 1912ರ ಕ್ಯಾಡಿಲಾಕ್ ಕಾರುಗಳು ಅದರೊಂದಿಗೆ ಬಂದವು. ಹೆಂಗಸರು ಒಬ್ಬರೇ ಕಾರು ತೆಗೆದುಕೊಂಡು ಹೋಗುವುದು ಅದರಿಂದ ಸುಲಭವಾಯಿತು. ‘ನಮ್ಮ ಮನೆಗೆ ಇಷ್ಟು ತಡವಾಗಿ ಬಂತು ನೋಡಿ’ ಎಂದೆ.

ಕಾಫಿಯ ನಂತರವೂ ಬೋಲ್ಟು ಅಲುಗಲಿಲ್ಲ. ನಾನು ಹಲ್ಲು ಕಚ್ಚಿ ಎಳೆಯುತ್ತಿದ್ದೆ. ಇವರು ಕುರ್ಚಿಯಿಂದ ಎದ್ದರು.

‘ಕೊಡು ಇಲ್ಲಿ.’

‘ಕೊಡುವುದಿಲ್ಲ.’

‘ನಾನೇನು ಸತ್ತಿದ್ದೇನಾ?’

ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಸ್ಪಾನರನ್ನು ಮಾತ್ರ ಬಿಡಲಿಲ್ಲ. ಇವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕಾರಿನ ಅಡಿಯಲ್ಲಿ ಮಲಗಿಕೊಂಡೇ ಸ್ವಲ್ಪ ಅತ್ತೆ. ಕೈಯೆಲ್ಲ ಗ್ರೀಸು, ಕಣ್ಣು ಒರೆಸಿಕೊಳ್ಳುವ ಹಾಗೂ ಇಲ್ಲ. ಎಷ್ಟು ಹೊತ್ತಾಯಿತೋ, ಚಪ್ಪಲಿಯ ಸದ್ದು ಕೇಳಿತು. ನೀರಿನ ಪೈಪಿನ ಒಂದು ಮೊಳ ಕಬ್ಬಿಣದ ತುಂಡು ನನ್ನ ಪಕ್ಕಕ್ಕೆ ಉರುಳಿ ಬಂತು.

‘ಇದನ್ನು ಸ್ಪಾನರಿನ ಹಿಡಿಗೆ ಸಿಕ್ಕಿಸು. ಜಗ್ಗಬೇಡ, ಮೆಲ್ಲ ಎಳೆ.’

ಮೆಲ್ಲ ಎಳೆದೆ. ಕಟ್ ಎಂದಿತು. ಬೋಲ್ಟೇ ಮುರಿಯಿತೆಂದು ಜೀವ ಬಾಯಿಗೆ ಬಂತು, ಮುರಿದಿರಲಿಲ್ಲ, ಸಡಿಲಿತ್ತು. ಎಳೆಯ ಗುಜ್ಜೆಯಷ್ಟು ಭಾರದ ಮೋಟರು ನನ್ನ ಎರಡು ಕೈಗೆ ಇಳಿಯಿತು.

ಅಂಗಡಿಯವನು ಬಿಚ್ಚಿ ತೋರಿಸಿದ. ಕಾರ್ಬನ್ ಪೂರಾ ಸವೆದು ಆರ್ಮೇಚರೂ ಸುಟ್ಟಿತ್ತು. ಬೇರೆಯದನ್ನೇ ತಂದೆವು. ಕೂರಿಸುವುದು ಬಿಚ್ಚಿದಷ್ಟು ಕಷ್ಟವಾಗಲಿಲ್ಲ. ಬೋಲ್ಟುಗಳಿಗೆ ಗ್ರೀಸು ಸವರಿ, ಮೈನಸ್ ತಂತಿಯನ್ನು ಕೊನೆಗೆ ಬಿಗಿದು, ಕೀಯನ್ನು ಇವರ ಮುಂದೆ ಹಿಡಿದೆ.

ಇವರು ಕೀ ನೋಡಿದರು, ನನ್ನ ಗ್ರೀಸಿನ ಕೈ ನೋಡಿದರು. ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಕೂತರು. ಕಾರು ಕೊಂಡ ಮೇಲೆ ಆ ಸೀಟಿನಲ್ಲಿ ಇವರು ಕೂತದ್ದು ಅದೇ ಮೊದಲು.

ಅರ್ಧ ತಿರುಗಿಸುವಷ್ಟರಲ್ಲಿ ಇಂಜಿನ್ನು ಎದ್ದಿತು. ದೀಪಸ್ತಂಭದವರೆಗೆ ಹೋಗಿ ಬಂದೆವು. ಅಂಗಳಕ್ಕೆ ತಿರುಗಿಸುವಾಗ ಇವರು ಸ್ಟಿಯರಿಂಗಿನ ಮೇಲೆ ಕೈಯಿಟ್ಟು, ‘ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸು’ ಎಂದರು.

ಈಗಲೂ ಹಾಗೆಯೇ ನಿಲ್ಲಿಸುತ್ತೇನೆ.