ಬಿಟ್ಟಿ ಬಿಸಿಲಿನ ವ್ಯಾಪಾರಿ

ದೇವಸ್ಥಾನದಲ್ಲಿ ಪ್ರಸಾದ ಬಿಟ್ಟಿ. ಆದರೆ ಹೊರಗೆ ಚಪ್ಪಲಿ ಕಾಯುವವನ ಕೈಗೆ ಚಿಲ್ಲರೆ ಹಾಕದೆ ಹೊರಡುವ ಹಾಗಿಲ್ಲ. ಬಿಸಿಲಿನ ಕಥೆಯೂ ಅಷ್ಟೆ. ಸೂರ್ಯ ಬಿಲ್ಲು ಕಳಿಸುವುದಿಲ್ಲ ಎಂದು ಭಾಷಣ ಬಿಗಿಯುವವರು, ಗಾಜು, ಕನ್ನಡಿ, ಕೊಳವೆ ಮಾರುವವನು ಕಳಿಸುವ ಬಿಲ್ಲಿನ ಮಾತೆತ್ತುವುದಿಲ್ಲ. ಈ ಬಿಲ್ಲನ್ನು ಮೊದಲು ಓದಿ ಆಮೇಲೆ ಸೂರ್ಯನ ಕಡೆ ಕತ್ತೆತ್ತಿದ ಒಬ್ಬ ಎಂಜಿನಿಯರ್ ಇದ್ದ: ಫ್ರಾಂಕ್ ಶೂಮನ್. ಹುಟ್ಟಿದ್ದು 1862ರಲ್ಲಿ, ಅಮೆರಿಕದ ಬ್ರೂಕ್ಲಿನ್‌ನಲ್ಲಿ.

ಶೂಮನ್ ಮೂಲತಃ ಗಾಜಿನ ಮನುಷ್ಯ. ಒಡೆದರೂ ಚೂರುಗಳು ಉದುರದಂತೆ ಗಾಜಿನೊಳಗೆ ತಂತಿಬಲೆ ಹೂಳುವ ಉಪಾಯಕ್ಕೆ 1892ರಲ್ಲಿ ಪೇಟೆಂಟ್ ಪಡೆದ. ಹಳೆಯ ಆಸ್ಪತ್ರೆಗಳ ಬಾಗಿಲಲ್ಲಿ, ಕಾರ್ಖಾನೆಗಳ ಕಿಟಕಿಯಲ್ಲಿ ಚೌಕುಳಿ ತಂತಿಯ ಗಾಜು ನೋಡಿರುತ್ತೀರಲ್ಲ, ಅದೇ. ಅದರ ದುಡ್ಡು ಅವನಿಗೆ ಫಿಲಡೆಲ್ಫಿಯಾದ ಟಕೋನಿಯಲ್ಲಿ ಮನೆಯನ್ನೂ ಪ್ರಯೋಗಶಾಲೆಯನ್ನೂ ಕೊಟ್ಟಿತು. ಕೈಯಲ್ಲಿ ಕಾಸು ಆಡುವಾಗ ಕೆಲವರು ಕುದುರೆ ಸಾಕುತ್ತಾರೆ. ಇವನು ಸೂರ್ಯನನ್ನು ಸಾಕಲು ಹೊರಟ.

ಅವನಿಗಿಂತ ಮೊದಲೂ ಈ ಹುಚ್ಚು ಇತ್ತು. ಫ್ರಾನ್ಸಿನ ಮೇಷ್ಟ್ರು ಒಗುಸ್ತಾಂ ಮುಷೋ 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಬಿಸಿಲಿನಿಂದಲೇ ಮಂಜುಗಡ್ಡೆ ಮಾಡಿ ತೋರಿಸಿ ಜನರ ಬಾಯಿ ಮುಚ್ಚಿಸಿದ್ದ. ಆದರೆ ಥಳಥಳಿಸುವ ದೊಡ್ಡ ಕನ್ನಡಿಗಳ ಖರ್ಚು ಕೇಳಿದರೆ ಸರ್ಕಾರಕ್ಕೇ ಬೆವರು. ಶೂಮನ್ ದಾರಿ ಬೇರೆ ಹಿಡಿದ: ಅಗ್ಗದ ಪೆಟ್ಟಿಗೆ, ಒಳಗೆ ಕಪ್ಪು ಕೊಳವೆ, ಮೇಲೆ ಗಾಜು. ನೀರು ಕುದಿಸುವ ಗೋಜೇ ಬೇಡವೆಂದು 1907ರಲ್ಲಿ ಕೊಳವೆಗೆ ಈಥರ್ ತುಂಬಿದ. ಅದು ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಪುಟ್ಟ ಎಂಜಿನ್ ಗಡಗಡ ತಿರುಗಿತು. ಬೆಂಗಳೂರಿನ ತಾರಸಿಗಳ ಮೇಲೆ ಓರೆಯಾಗಿ ಮಲಗಿರುವ ಸೋಲಾರ್ ಹೀಟರ್ ಪೆಟ್ಟಿಗೆಗಳೂ ಇದೇ ವಂಶದವು: ಕಪ್ಪು ತಗಡು, ಮೇಲೊಂದು ಗಾಜು. ಎರಡು ದಿನ ಮೋಡ ಕವಿದರೆ, ಮನೆಯಲ್ಲಿ ಮೊದಲು ಸ್ನಾನಕ್ಕೆ ಹೋಗುವವರು ಯಾರು ಎಂಬ ರಾಜಕೀಯ ಶುರುವಾಗುವುದು ಇದರ ಕೃಪೆಯಿಂದಲೇ.

ಆಮೇಲೆ ಅವನು ನೀರಿಗೇ ಮರಳಿದ, ಕಡಿಮೆ ಒತ್ತಡದ ಆವಿಯಲ್ಲೇ ಓಡುವ ಎಂಜಿನ್ ಕಟ್ಟಿಕೊಂಡು. ಹಣಕ್ಕಾಗಿ ಲಂಡನ್ನಿಗೆ ಹೋದ. ಹಣ ಹಾಕುವವರು ಸಿ.ವಿ. ಬಾಯ್ಸ್ ಎಂಬ ಭೌತವಿಜ್ಞಾನಿಯ ಸಲಹೆ ಕೇಳಿದರು. ದೋಣಿಯಾಕಾರದ ಉದ್ದ ಕನ್ನಡಿ ಇಟ್ಟು ಅದರ ನಾಭಿಯಲ್ಲಿ ಕೊಳವೆ ಕೂರಿಸಿದರೆ ಎರಡೂ ಕಡೆಯಿಂದ ಕಾಯುತ್ತದಲ್ಲ ಎಂದರು ಬಾಯ್ಸ್. ಸ್ವಂತ ವಿನ್ಯಾಸಕ್ಕೆ ಇನ್ನೊಬ್ಬ ಕೈ ಹಾಕಿದರೆ ಸಂಶೋಧಕರು ಸಾಮಾನ್ಯವಾಗಿ ಮುಖ ಊದಿಸುತ್ತಾರೆ. ಶೂಮನ್ ಒಪ್ಪಿಕೊಂಡ. ವ್ಯಾಪಾರಿಯ ಗುಣ ಅಂದರೆ ಇದು.

ಜಾಗ ಆರಿಸಿದ್ದೂ ವ್ಯಾಪಾರಿಯೇ: ಕೈರೋ ಪಕ್ಕ, ನೈಲ್ ದಂಡೆಯ ಮಆದಿ. ಬಿಸಿಲು ಧಾರಾಳ, ಕೂಲಿ ಅಗ್ಗ, ಹಡಗಿನಲ್ಲಿ ಬರುವ ಕಲ್ಲಿದ್ದಲು ದುಬಾರಿ. ಎದುರಾಳಿ ದುಬಾರಿಯಾಗಿರುವಲ್ಲಿಗೇ ಹೋಗಿ ಅಂಗಡಿ ಇಟ್ಟಂತಾಯಿತು. 200 ಅಡಿ ದಾಟಿದ ಉದ್ದದ ಐದು ಕನ್ನಡಿ ದೋಣಿಗಳು ಸೂರ್ಯ ಸರಿದಂತೆ ತಾವಾಗಿಯೇ ವಾಲುತ್ತಿದ್ದವು. ಮೊದಲು ಕೂರಿಸಿದ ಸತುವಿನ ಬಾಯ್ಲರುಗಳು ಕಾವಿಗೆ ಮೆತ್ತಗಾಗಿ ಜೋತುಬಿದ್ದವು. ಬಿಸಿಲು ಸಾಲದೆ ಸೋತಿದ್ದರೆ ಅವಮಾನ, ಹೆಚ್ಚಾಗಿ ಸೋತದ್ದು ಒಂದು ಬಗೆಯ ಬಿರುದೇ ಅನ್ನಿ. ಎರಕದ ಕಬ್ಬಿಣ ಬಂತು. 1913ರ ಜುಲೈನಲ್ಲಿ ಗಣ್ಯರ ಮುಂದೆ ಯಂತ್ರ ಓಡಿತು. ಸುಮಾರು 55 ಅಶ್ವಶಕ್ತಿ. ನಿಮಿಷಕ್ಕೆ 6,000 ಗ್ಯಾಲನ್ ನೈಲ್ ನೀರು ಹೊಲಕ್ಕೆ.

ಆಗ ಈಜಿಪ್ಟಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದವನು ಲಾರ್ಡ್ ಕಿಚನರ್. ಹೌದು, ನಮ್ಮಲ್ಲಿ ದಂಡನಾಯಕನಾಗಿದ್ದು ಕರ್ಜನ್ ಜೊತೆ ಜಗಳವಾಡಿ ವೈಸರಾಯನನ್ನೇ ಮನೆಗೆ ಕಳಿಸಿದ ಆ ಮೀಸೆ. ಅವನಿಗೂ ಯಂತ್ರ ಹಿಡಿಸಿತು. ಸುಡಾನಿನಲ್ಲಿ ಹತ್ತಿ ಬೆಳೆಯಲು ನೆಲ ಕೊಡುವ ಮಾತಾಡಿದ. ಜರ್ಮನಿಯ ಸಂಸತ್ತು ಆಫ್ರಿಕದಲ್ಲಿನ ತನ್ನ ವಸಾಹತಿಗೆಂದು ಹಣ ಮಂಜೂರು ಮಾಡಿತು. ಸಹಾರಾದ ಒಂದು ಭಾಗಕ್ಕೆ ಕನ್ನಡಿ ಹೊದಿಸಿದರೆ ಜಗತ್ತಿಗೆಲ್ಲ ಶಕ್ತಿ ಒದಗಿಸಬಹುದೆಂದು ಶೂಮನ್ ಲೆಕ್ಕ ಹಾಕತೊಡಗಿದ.

1914 ಬಂತು, ಜೊತೆಗೆ ಮೊದಲ ಮಹಾಯುದ್ಧವೂ ಬಂತು. ಎಂಜಿನಿಯರುಗಳು ತಮ್ಮ ತಮ್ಮ ದೇಶಕ್ಕೆ ಹೊರಟರು. 1918ರಲ್ಲಿ, ಯುದ್ಧ ಮುಗಿಯುವ ಮೊದಲೇ, ಶೂಮನ್ ತೀರಿಕೊಂಡ.

ಅವನ ಕನಸನ್ನು ಯುದ್ಧ ನುಂಗಿತು ಎನ್ನುತ್ತಾರೆ. ನನಗೆ ಅರ್ಧ ಮಾತ್ರ ಒಪ್ಪಿಗೆ. ಅದೇ 1914ರಲ್ಲಿ ಬ್ರಿಟಿಷ್ ಸರ್ಕಾರ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಸಿಂಹಪಾಲು ಕೊಂಡಿತ್ತು. ಶೂಮನ್ ಲೆಕ್ಕಪುಸ್ತಕ ಬರೆದದ್ದು ಕಲ್ಲಿದ್ದಲಿನ ಎದುರು; ಅಂಗಡಿಯ ಎದುರಿಗೆ ಅಷ್ಟರಲ್ಲಿ ಹೊಸ ವರ್ತಕ ಬಂದು ಕೂತಿದ್ದ. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಬೆಲೆ ನೆತ್ತಿಗೇರಿದ ಮೇಲೆಯೇ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಲೂಜ್ ಎಂಬ ಕಂಪನಿ ಅದೇ ದೋಣಿಯಾಕಾರದ ಕನ್ನಡಿಗಳನ್ನು ಎಕರೆಗಟ್ಟಲೆ ನಿಲ್ಲಿಸಿದ್ದು. ಇಂಧನ ಮತ್ತೆ ಅಗ್ಗವಾಯಿತು, ಸರ್ಕಾರದ ರಿಯಾಯಿತಿ ಮೊಟಕಾಯಿತು, 1991ರಲ್ಲಿ ಲೂಜ್ ದಿವಾಳಿಯೆದ್ದಿತು. ಕನ್ನಡಿಗಳನ್ನು ಬೇರೆಯವರು ಕೊಂಡು, ವರ್ಷಗಟ್ಟಲೆ ವಿದ್ಯುತ್ ಮಾರಿದರು.