ಹನ್ನೆರಡೂವರೆಗೆ ಎಲ್ಲಿದ್ದೇವೋ ಅದೇ ತುದಿ

ಮಗ ಕುಮಾರ ಪರ್ವತ ಹತ್ತಲು ಹೊರಟಿದ್ದಾನೆ. ಒಂದೇ ದಿನದಲ್ಲಿ ಹತ್ತಿ ಇಳಿಯುವುದಂತೆ. ಯೋಜನೆಯನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ಮಾಡಿ ನನ್ನ ಫೋನಿಗೆ ಕಳಿಸಿದ. ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು, ಬೆಳಗ್ಗೆ ಆರಕ್ಕೆ ಕುಕ್ಕೆ, ಏಳಕ್ಕೆ ಹತ್ತಲು ಶುರು, ಒಂಬತ್ತಕ್ಕೆ ದಾರಿಯ ನಡುವಿನ ಭಟ್ಟರ ಮನೆ, ಒಂದು ಗಂಟೆಗೆ ತುದಿ. ಅದರ ಕೆಳಗಿನ ಸಾಲಿನಲ್ಲಿ ರಾತ್ರಿ ಎಂಟಕ್ಕೆ ಕುಕ್ಕೆಯಲ್ಲಿ ಊಟ. ನಡುವಿನ ಏಳು ಗಂಟೆ ಎಲ್ಲಿ ಹೋಯಿತಪ್ಪ ಎಂದು ಕೇಳಿದೆ. “ಅದು ಇಳಿಯೋದಲ್ವಾ ಅಪ್ಪ, ಇಳಿಯೋಕೆ ಏನು ಪ್ಲಾನು?” ಅಂದ.

ಈ ಮಾತು ಭಾವನ ಕಿವಿಗೆ ಬಿದ್ದಿದ್ದರೆ ಅಕ್ಕ ಅವರಿಗೆ ಬಿ.ಪಿ. ಮಾತ್ರೆ ಕೊಡಬೇಕಾಗುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ, ಪಂಜದ ಕಡೆಯ ಅಡಿಕೆ ಕೃಷಿಕರು. ಅವರ ಅಂಗಳದಲ್ಲಿ ಅಡಿಕೆ ಹರವಿಕೊಂಡು ನಿಂತರೆ ಮೋಡವಿಲ್ಲದ ದಿನ ಘಟ್ಟದ ಸಾಲು ಕಾಣುತ್ತದೆ. ಅದನ್ನು ನೋಡಿ ನೋಡಿಯೇ ಅವರಿಗೆ ಈ ಹುಚ್ಚು ಹಿಡಿದಿರಬೇಕು. ಚಂಪಾಷಷ್ಠಿಯ ಗೌಜಿ ಮುಗಿದು, ಅಡಿಕೆ ಕೊಯ್ಲಿನ ಮಧ್ಯೆ ಎರಡು ದಿನ ಬಿಡುವು ಸಿಕ್ಕಿತೋ, ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಹೊರಬರುತ್ತಿತ್ತು. ಡೈರಿಯಲ್ಲಿ ಎಡಗಡೆ ಕೊಳೆ ಔಷಧದ ಲೆಕ್ಕ, ಬಲಗಡೆ ಕುಮಾರ ಪರ್ವತ.

ಅವರು ವೇಳೆಯನ್ನು ಕೆಳಗಿನಿಂದ ಮೇಲಕ್ಕೆ ಬರೆಯುತ್ತಿದ್ದರು. ಪುಟದ ಅಡಿಯಲ್ಲಿ ಮೊದಲ ಸಾಲು: “ಕಾಡಿನೊಳಗೆ ಕತ್ತಲೆ, 5.30.” ಊರಲ್ಲಿ ಸೂರ್ಯ ಆರರ ಮೇಲೆ ಮುಳುಗುತ್ತಾನಲ್ಲ ಎಂದರೆ, “ಮರಕ್ಕೆ ಪಂಚಾಂಗ ಗೊತ್ತಿಲ್ಲ ಭಾವ” ಎನ್ನುತ್ತಿದ್ದರು. (ನಮ್ಮಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.) ಅದರ ಮೇಲೆ ಮೂರು ಗಂಟೆಗೆ ಭಟ್ಟರ ಮನೆ ದಾಟಿರಬೇಕು, ಅದರ ಮೇಲೆ ಎರಡು ಗಂಟೆಗೆ ಕಲ್ಲು ಮಂಟಪ. ಹೀಗೆ ಇಳಿದೂ ಇಳಿದೂ ಹಿಂದಕ್ಕೆ ಹೋದರೆ ಹನ್ನೆರಡೂವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಎರಡು ಗೆರೆ. ಹನ್ನೆರಡೂವರೆಗೆ ಎಲ್ಲಿದ್ದೇವೋ ಅದೇ ತುದಿ. ಅಲ್ಲೇ ಬುತ್ತಿ ಬಿಚ್ಚುವುದು, ಅಲ್ಲಿಂದಲೇ ತಿರುಗುವುದು.

ಬೆಟ್ಟ ಹತ್ತಿದವರಿಗೆ ಈ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ ಎಂದು ಗೊತ್ತಿರುತ್ತದೆ. ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರು. ಎತ್ತರ 1,712 ಮೀಟರು. ಕೊಡಗಿನಲ್ಲಿ ತಡಿಯಂಡಮೋಳು ಬಿಟ್ಟರೆ ಇದೇ ದೊಡ್ಡದು. ಆದರೆ ನಮ್ಮ ಕಡೆಯಿಂದ ಹತ್ತುವವರಿಗೆ ಅದಕ್ಕಿಂತ ಘನವಾದ ಕಷ್ಟವಿದೆ. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ ನಿಜ, ಆದರೆ ಅಲ್ಲಿ ಕಾರು ಅರ್ಧಕ್ಕಿಂತ ಹೆಚ್ಚು ಹತ್ತಿಸಿ ಬಿಡುತ್ತದೆ. ಕುಕ್ಕೆಯೋ ಕುಮಾರಧಾರೆಯ ದಡದ ಊರು, ಕರಾವಳಿಯ ಮಟ್ಟಕ್ಕೆ ಹತ್ತಿರದ್ದು. 1,500 ಮೀಟರಿಗೂ ಮಿಕ್ಕಿದ ಏರನ್ನು ನಿಮ್ಮ ಕಾಲೇ ಹತ್ತಬೇಕು. ಸೋಮವಾರಪೇಟೆಯ ಕಡೆ ಬೀದಳ್ಳಿಯಿಂದ ಹತ್ತಿದರೆ ದಾರಿ ಅರ್ಧಕ್ಕರ್ಧ ಕಮ್ಮಿ. ಭಾವ ಅದನ್ನು “ಹಿತ್ತಲ ಬಾಗಿಲು” ಎಂದು ತಳ್ಳಿಹಾಕುತ್ತಿದ್ದರು.

ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವನೊಬ್ಬ 1892ರಲ್ಲಿ ಬೆಟ್ಟ ಹತ್ತುವವರಿಗೆ ಒಂದು ಸೂತ್ರ ಕೊಟ್ಟನೆಂದು ನಾನು ಎಲ್ಲೋ ಓದಿ ಬಂದು ಭಾವನ ಮುಂದೆ ಪಾಂಡಿತ್ಯ ತೋರಿಸಿದೆ. ಮೂರು ಮೈಲಿಗೆ ಒಂದು ಗಂಟೆ, ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಭಾವ ಡೈರಿಯಲ್ಲೇ ಗುಣಿಸಿ ಭಾಗಿಸಿ, ಐದೂಕಾಲು ಗಂಟೆ ಬರುತ್ತದೆ ಎಂದರು. ಪೆನ್ನು ಮುಚ್ಚಿ ಕೇಳಿದರು: “ಅವನು ಇಂಬಳ ಕಂಡಿದ್ದನೋ?” ನಾನು ಸುಮ್ಮನಾದೆ. ಐದೂಕಾಲು ಅಳಿಸಿ ಏಳು ಎಂದು ಬರೆದರು. ಹನ್ನೆರಡೂವರೆಯಿಂದ ಏಳು ಹಿಂದಕ್ಕೆ ಹೋದರೆ ಬೆಳಗ್ಗಿನ ಐದೂವರೆ. ಆದ್ದರಿಂದ ನಾವು ಟಾರ್ಚು ಹಿಡಿದೇ ಕಾಡು ಹೊಗುತ್ತಿದ್ದದ್ದು.

ಇಂಬಳಕ್ಕೆ ಅವರದ್ದೇ ಆಯುಧವಿತ್ತು. ಹಳೇ ಪಂಚೆಯ ತುಂಡಿನಲ್ಲಿ ಕಲ್ಲುಪ್ಪು, ಹೊಗೆಸೊಪ್ಪಿನ ಪುಡಿ ಸೇರಿಸಿ ನಿಂಬೆಗಾತ್ರದ ಗಂಟು ಕಟ್ಟಿ, ಗಂಟನ್ನು ಊರುಗೋಲಿನ ಬುಡಕ್ಕೆ ಬಿಗಿಯುವುದು. ಹೊರಡುವಾಗ ಒಮ್ಮೆ ನೀರಿಗೆ ಅದ್ದಿಕೊಂಡರೆ ಆಯಿತು. ಇಂಬಳ ಕಾಲಿಗೆ ಹತ್ತಿದಲ್ಲಿ ಕೋಲಿನಿಂದ ಮುಟ್ಟಿಸಿದರೆ ಸುರುಟಿಕೊಂಡು ಉದುರುತ್ತದೆ, ಬಗ್ಗಬೇಕಾಗಿಲ್ಲ, ನಡಿಗೆ ನಿಲ್ಲಿಸಬೇಕಾಗಿಲ್ಲ. ಈಗಿನವರು ಮೊಣಕಾಲಿನವರೆಗೆ ಬರುವ ವಿಶೇಷ ಕಾಲುಚೀಲ ಕೊಳ್ಳುತ್ತಾರೆ. ಇಂಬಳ ಅದರ ಮೇಲೇ ಹತ್ತಿ ಮೊಣಕಾಲಿನ ಹತ್ತಿರ ಬಾಗಿಲು ಹುಡುಕುತ್ತದೆ.

ಭಟ್ಟರ ಮನೆಯವರೆಗೆ ನೆರಳು. ದಾರಿ ಕಡಿದಾದರೂ ಬೇರುಗಳೇ ಮೆಟ್ಟಿಲು, ನಡುವೆ ಭೀಮನ ಬಂಡೆಯ ಮೇಲೆ ಕೂತು ಉಸಿರು ಬಿಡಬಹುದು. ಅಲ್ಲಿಂದಾಚೆ ಅರಣ್ಯದವರ ಚೆಕ್‌ಪೋಸ್ಟು, ಆಮೇಲೆ ಬರಿಯ ಹುಲ್ಲುಗುಡ್ಡ, ತಲೆಯ ಮೇಲೆ ಬಿಸಿಲು. ಕಲ್ಲು ಮಂಟಪದ ಹತ್ತಿರ ನೀರು ಇದ್ದರೆ ಪುಣ್ಯ. ಮತ್ತೆ ಶೇಷ ಪರ್ವತ. ಕುಮಾರಸ್ವಾಮಿ ತಾರಕಾಸುರನನ್ನು ಕೊಂದು ಆಯುಧ ತೊಳೆದ ನೀರೇ ಕುಮಾರಧಾರೆ ಎನ್ನುತ್ತಾರೆ. ತೊಳೆಯಲಿ, ನನಗೆ ತಕರಾರಿಲ್ಲ. ನನ್ನ ತಕರಾರು ಶೇಷ ಪರ್ವತದ ಮೇಲೆ. ಏದುಸಿರು ಬಿಟ್ಟು ಅದರ ಹೆಡೆಯ ಮೇಲೆ ನಿಂತು ಮುಗಿಯಿತು ಎನ್ನುವಷ್ಟರಲ್ಲಿ ಎದುರಿಗೆ ನಿಜವಾದ ತುದಿ ಕಾಣುತ್ತದೆ. ಅಲ್ಲಿಗೆ ಹೋಗಬೇಕಾದರೆ ಹತ್ತಿದ್ದರಲ್ಲಿ ಸ್ವಲ್ಪ ಇಳಿದು, ಶೋಲಾ ಕಾಡು ನುಗ್ಗಿ, ಮತ್ತೆ ಬಂಡೆ ಹತ್ತಬೇಕು. ಬಡ್ಡಿ ಕಟ್ಟಿ ಮುಗಿಸಿದವನಿಗೆ ಅಸಲು ತೋರಿಸಿದ ಹಾಗೆ.

ಒಂದು ಸಲ ನಮ್ಮ ಜೊತೆ ಬಂದಿದ್ದ ಬ್ಯಾಂಕಿನ ಹುಡುಗನಿಗೆ ಭಟ್ಟರ ಮನೆಯಲ್ಲಿ ಕಾಲು ಹಿಡಿದು ತಡವಾಯಿತು. ಶೇಷ ಪರ್ವತದ ಬಂಡೆಯ ಮೇಲೆ ಭಾವ ಗಡಿಯಾರ ನೋಡಿದರು, ಕೂತರು, ಬಾಡಿಸಿದ ಬಾಳೆಎಲೆಯ ಕಟ್ಟು ಬಿಚ್ಚಿದರು. ಒಗ್ಗರಣೆ ಅವಲಕ್ಕಿಗೆ ಎಲೆಯ ಪರಿಮಳ ಇಳಿದಿತ್ತು. ಹುಡುಗ ಎದುರಿಗೆ ಕೈ ತೋರಿಸಿ, “ತುದಿ ಅಲ್ಲಿ ಕಾಣ್ತಾ ಇದೆಯಲ್ಲ ಸಾರ್” ಅಂದ. “ಅದು ಬರುವ ವರ್ಷದ್ದು” ಎಂದರು ಭಾವ, ಮಜ್ಜಿಗೆ ಮೆಣಸು ಕಚ್ಚುತ್ತಾ. ಹುಡುಗನ ಸಿಟ್ಟು ಇಳಿಯುವವರೆಗೂ ಇಳಿಯಲಿಲ್ಲ. ಭಟ್ಟರ ಮನೆ ದಾಟಿದ ಮೇಲೆ ಅವನ ಎರಡೂ ಮೊಣಕಾಲು ನಡುಗಲು ಶುರುವಾಗಿ, ಬೇರು ಬೇರಿಗೂ ಕೂತು ಕೂತು ಇಳಿದ. ಕಾಡಿನ ಕೊನೆ ಮುಟ್ಟುವಾಗ ಐದೂವರೆ ದಾಟಿತ್ತು, ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಭಾವ ಏನೂ ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದ್ದು ಎಂದಲ್ಲ, ಅವರಿಗೂ ದಮ್ಮಿರಲಿಲ್ಲ.

ಕಾರಂತರ ‘ಬೆಟ್ಟದ ಜೀವ’ ಇದೇ ಪರ್ವತದ ತಪ್ಪಲಿನ ಕಥೆ. 1943ರ ಪುಸ್ತಕ. ಅದರಲ್ಲಿ ದಾರಿ ತಪ್ಪಿದವನಿಗೆ ಗೋಪಾಲಯ್ಯನ ಮನೆ ಸಿಗುತ್ತದೆ. ಈಗ ಇಲ್ಲಿ ದಾರಿ ತಪ್ಪುವುದಕ್ಕೆ ಸಾಧ್ಯವೇ ಇಲ್ಲ, ಮುಂದಿನವನ ಬೆನ್ನಚೀಲ ನೋಡಿಕೊಂಡು ನಡೆದರೆ ಸಾಕು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಹುಲ್ಲುಗುಡ್ಡದ ಮೇಲೆ ರಥಬೀದಿಯ ಹಾಗೆ ಜನ ಸಾಲುಗಟ್ಟಿದ್ದ ಚಿತ್ರ ಎಲ್ಲರೂ ನೋಡಿದ್ದಾರೆ. ಆಮೇಲೆ ಚಾರಣ ನಿಲ್ಲಿಸಿ, ಆನ್‌ಲೈನಿನಲ್ಲಿ ಟಿಕೆಟ್ ಮಾಡಿ, ದಿನಕ್ಕೆ 300 ಜನ ಎಂದು ಮಿತಿ ಹಾಕಿದರು. ಒಳ್ಳೆಯದೇ. ಆದರೆ ಟಿಕೆಟ್ ಸಿಕ್ಕಿದ ಮೇಲೆ ಮನುಷ್ಯನಿಗೆ ತುದಿ ತನ್ನ ಹಕ್ಕು ಅನ್ನಿಸುತ್ತದೆ. ದುಡ್ಡು ಕಟ್ಟಿ ಅರ್ಧದಿಂದ ತಿರುಗುವವನು ಯಾರು?

ಭಾವನ ಮೊಣಕಾಲು ಈಗ ಹಟ್ಟಿಯ ಮೆಟ್ಟಿಲಿಗೂ ಒಪ್ಪುವುದಿಲ್ಲ. ಆದರೂ ಪರಿಚಯದವರು ಯಾರು ಹತ್ತಿದರೂ ಹನ್ನೆರಡೂವರೆಗೆ ಸರಿಯಾಗಿ ಫೋನು ಹಚ್ಚುತ್ತಾರೆ. ಹೋದ ಡಿಸೆಂಬರಿನಲ್ಲಿ ನೆರೆಮನೆಯ ಹುಡುಗರು ಹೋಗಿದ್ದರು, ಪುಣ್ಯಕ್ಕೋ ಪಾಪಕ್ಕೋ ಸಿಗ್ನಲ್ ಇತ್ತು.

“ಎಲ್ಲಿದ್ದೀರಿ ಮಾಣಿ?”

“ತುದಿಯಲ್ಲಿ ಇದ್ದೇವೆ ಮಾವ.”

“ಸಂತೋಷ. ಸೋಮವಾರಪೇಟೆ ಕಡೆ ಕಾಣುತ್ತದೋ?”

“ಇಲ್ಲ ಮಾವ, ಮಂಜು.”

“ಶೇಷ ಪರ್ವತ ನಿಮ್ಮ ಮುಂದಿದೆಯೋ, ಹಿಂದಿದೆಯೋ?”

ಆ ಕಡೆ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಅಕ್ಕ ಹೇಳುವ ಪ್ರಕಾರ ಭಾವ ಬೈಯಲಿಲ್ಲ, ನಕ್ಕರು. ಸರಿ, ಬುತ್ತಿ ಬಿಚ್ಚಿ ಉಂಡು ಇಳಿಯಿರಿ ಎಂದರು. ಬುತ್ತಿ ತಂದಿಲ್ಲ ಮಾವ, ಚಿಪ್ಸ್ ಇದೆ ಎಂದು ಹುಡುಗ ಹೇಳಿದ ಮೇಲೆ ಶುರುವಾದದ್ದು ತೋಟದ ಆಚೆಯ ಮನೆಯವರೆಗೂ ಕೇಳಿಸಿತಂತೆ.