ಮೊದಲು ಶುದ್ಧಿ, ಆಮೇಲೆ ಸುಗಂಧ

ಯಾವುದೇ ಮನೆಯ ಹೊಸ್ತಿಲು ದಾಟುವಾಗ ಮನೆಯವರ ಸಲಾಮಿಗಿಂತಲೂ ಮುಂಚೆ ಆ ಮನೆಯ ಗಾಳಿ ನಮ್ಮನ್ನು ಎದುರುಗೊಳ್ಳುತ್ತದೆ. ಗೋಡೆಯ ಬಣ್ಣ, ನೆಲದ ಗ್ರಾನೈಟ್, ಪೀಠೋಪಕರಣಗಳ ಬೆಲೆ ಇವೆಲ್ಲವನ್ನೂ ಕಣ್ಣು ಅಳೆಯುವ ಮೊದಲೇ ಮೂಗು ತನ್ನ ತೀರ್ಪನ್ನು ನೀಡಿರುತ್ತದೆ. ಆದರೆ ಅದೇ ಮನೆಯಲ್ಲಿ ದಿನವಿಡೀ ಇರುವವರಿಗೆ ಆ ವಾಸನೆ ತಿಳಿಯುವುದಿಲ್ಲ. ಒಂದೇ ವಾಸನೆಯನ್ನು ಸತತವಾಗಿ ಉಸಿರಾಡುತ್ತಿದ್ದರೆ ಮೂಗು ಸ್ವಲ್ಪ ಹೊತ್ತಿನಲ್ಲಿಯೇ ಅದಕ್ಕೆ ಒಗ್ಗಿಹೋಗುತ್ತದೆ. ಅತಿಥಿಗೆ ತಿಳಿದದ್ದು ಮನೆಯೊಡೆಯನಿಗೆ ತಿಳಿಯದಿರಲು ಕಾರಣ ಇದೇ. ಆದುದರಿಂದ ಮನೆಯ ವಾಸನೆಯ ವಿಷಯದಲ್ಲಿ ನಮ್ಮ ಮೂಗನ್ನು ನಂಬುವುದಕ್ಕಿಂತ ಒಂದು ಕ್ರಮವನ್ನು ನಂಬುವುದು ಲೇಸು. ಆ ಕ್ರಮವನ್ನು ನಾವು ಹೊಸದಾಗಿ ಹುಡುಕಬೇಕಾಗಿಲ್ಲ. ಪ್ರತಿ ಶುಕ್ರವಾರವೂ ನಾವು ಅದನ್ನು ಪಾಲಿಸುತ್ತಲೇ ಇದ್ದೇವೆ.

ಜುಮುಅದ ದಿನ ಸ್ನಾನ ಮಾಡಿ, ತನ್ನಿಂದಾದಷ್ಟು ಶುದ್ಧನಾಗಿ, ಎಣ್ಣೆಯನ್ನೋ ತನ್ನ ಮನೆಯಲ್ಲಿರುವ ಸುಗಂಧವನ್ನೋ ಹಚ್ಚಿಕೊಂಡು ಮಸೀದಿಗೆ ಹೊರಡುವವನಿಗೆ ಪ್ರವಾದಿ(ಸ)ರು ಶುಭವಾರ್ತೆ ನೀಡಿದ್ದಾರೆ. ಸಲ್ಮಾನ್ ಫಾರಿಸೀ(ರ)ರಿಂದ ವರದಿಯಾದ ಈ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಇದರಲ್ಲಿ ಎರಡು ಸಂಗತಿಗಳು ನಮ್ಮ ಗಮನಕ್ಕೆ ಬರಬೇಕು. ಮೊದಲನೆಯದು ಅನುಕ್ರಮ: ಸ್ನಾನ ಮೊದಲು, ಸುಗಂಧ ನಂತರ. ಬೆವರಿದ ಮೈಗೆ ಅತ್ತರ್ ಬಳಿದುಕೊಂಡು ಮಸೀದಿಗೆ ಹೊರಡುವವನು ಈ ಶುಭವಾರ್ತೆಯ ಅರ್ಧವನ್ನಷ್ಟೇ ಕೇಳಿಸಿಕೊಂಡವನು. ಎರಡನೆಯದು, ಸುಗಂಧವನ್ನು ಇಲ್ಲಿ ಮನೆಯದೆಂದು ಹೇಳಲಾಗಿದೆ. ಸುಗಂಧವು ಅಂಗಡಿಯಲ್ಲಿ ಮಾತ್ರವಲ್ಲ, ವಿಶ್ವಾಸಿಯ ಮನೆಯಲ್ಲಿಯೂ ಇರಬೇಕಾದ ವಸ್ತು. ಈ ಅನುಕ್ರಮವನ್ನು ದೇಹದಿಂದ ಮನೆಗೆ ವಿಸ್ತರಿಸಿಕೊಂಡರೆ ಮನೆಯ ಪರಿಮಳದ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯುತ್ತದೆ ಎಂಬುದು ನಮ್ಮ ಅನುಭವ.

ನಾವಿರುವುದು ಕರಾವಳಿಯಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನಲ್ಲಿ ಜುಲೈ ತಿಂಗಳ ಗಾಳಿಯೆಂದರೆ ಅರ್ಧ ನೀರು. ತೊಳೆದ ಅಂಗಿ ಎರಡು ದಿನ ಹಗ್ಗದ ಮೇಲಿದ್ದರೂ ಒಣಗುವುದಿಲ್ಲ. ಕಪಾಟಿನಲ್ಲಿಟ್ಟ ಚಪ್ಪಲಿ, ಬೆಲ್ಟು, ಪುಸ್ತಕಗಳ ಮೇಲೆ ಬೂಷ್ಟು ಹಿಡಿಯುತ್ತದೆ. ನಾವು ಮುಗ್ಗಲು ವಾಸನೆ ಎನ್ನುವುದು ಈ ಬೂಷ್ಟು ಗಾಳಿಗೆ ಬಿಡುವ ಅನಿಲಗಳನ್ನೇ. ಒದ್ದೆಯಾದ ವಸ್ತು 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಅದರ ಮೇಲೆ ಬೂಷ್ಟು ಬೆಳೆಯತೊಡಗುತ್ತದೆ. ಅಂದರೆ ಮಳೆಗಾಲದ ಮನೆಯಲ್ಲಿ ನಮ್ಮ ಮೊದಲ ಕೆಲಸ ಒಣಗಿಸುವುದು. ಬಟ್ಟೆ ಒಣಹಾಕಿದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರಲಿ, ಒಂದು ಕಿಟಕಿ ತೆರೆದಿರಲಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿಡೋಣ, ಹಿಂಬದಿಯಲ್ಲಿ ಗಾಳಿಯಾಡಲಿ. ವಾಷಿಂಗ್ ಮೆಷಿನ್‌ನ ಮುಚ್ಚಳವನ್ನು ಬಳಸಿದ ನಂತರ ತೆರೆದಿಟ್ಟು, ಬಾಗಿಲ ಸುತ್ತಲಿನ ರಬ್ಬರನ್ನು ಒರೆಸಿಡೋಣ. ನೆಲ ಒರೆಸುವ ಬಟ್ಟೆಯನ್ನು ಬಕೆಟಿನಲ್ಲಿಯೇ ಬಿಟ್ಟರೆ ಮರುದಿನ ನಾವು ಒರೆಸುವುದು ನೆಲಕ್ಕೆ ಕೊಳೆಯನ್ನೇ. ಅದನ್ನೂ ಹಿಂಡಿ ಒಣಗಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ ನಾವು ಮರೆಯುವ ವಸ್ತು ಮುಸಲ್ಲಾ. ವುಝೂ ಮಾಡಿದ ಒದ್ದೆ ಪಾದಗಳೊಂದಿಗೆ ದಿನಕ್ಕೆ ಐದು ಬಾರಿ ಅದರ ಮೇಲೆ ನಿಲ್ಲುತ್ತೇವೆ, ಮುಗಿದೊಡನೆ ಮಡಚಿಡುತ್ತೇವೆ. ಸುಜೂದಿನಲ್ಲಿ ಹಣೆ ಮತ್ತು ಮೂಗನ್ನು ಊರುವ ಆ ವಸ್ತ್ರವನ್ನು ವಾರಕ್ಕೊಮ್ಮೆ ಬಿಸಿಲಿಗೆ ಹರಡುವುದು, ತಿಂಗಳಿಗೊಮ್ಮೆ ಒಗೆಯುವುದು ಕಷ್ಟದ ಕೆಲಸವೇನಲ್ಲ. ವಸ್ತ್ರಗಳನ್ನು ಶುದ್ಧವಾಗಿಡಬೇಕೆಂಬ ಆಜ್ಞೆಯು ಸೂರಃ ಅಲ್ ಮುದ್ದಸ್ಸಿರ್‌ನ ನಾಲ್ಕನೆಯ ವಚನದಲ್ಲಿಯೇ ಬಂದಿದೆ.

ಇನ್ನು ಅಡುಗೆಮನೆ. ಬಂಗುಡೆ, ಬೂತಾಯಿಗಳಿಲ್ಲದ ಊಟವನ್ನು ನಮ್ಮಲ್ಲಿ ಹಲವರು ಊಟವೆಂದೇ ಒಪ್ಪುವುದಿಲ್ಲ. ಮೀನು ಹಳತಾದಂತೆ ಅದರಿಂದ ಹೊರಡುವ ಟ್ರೈಮೀಥೈಲಮೈನ್ ಎಂಬ ವಸ್ತುವೇ ಆ ವಾಸನೆಗೆ ಮುಖ್ಯ ಕಾರಣ. ಅದು ಕ್ಷಾರಗುಣದ್ದು. ಹುಳಿ ತಾಗಿದಾಗ ಅದು ಬೇರೆ ರೂಪ ತಾಳಿ ಗಾಳಿಗೇರುವುದನ್ನು ನಿಲ್ಲಿಸುತ್ತದೆ. ಮೀನು ಮುಟ್ಟಿದ ಕೈಗೂ ಪಾತ್ರೆಗೂ ನಮ್ಮ ಹಿರಿಯ ಸ್ತ್ರೀಯರು ಹುಣಸೆಹುಳಿಯನ್ನೋ ಲಿಂಬೆಯನ್ನೋ ತಿಕ್ಕುತ್ತಿದ್ದುದರಲ್ಲಿ ಇಂತಹ ಜಾಣ್ಮೆಯಿತ್ತು. ಮೀನಿನ ತ್ಯಾಜ್ಯವನ್ನು ರಾತ್ರಿಯಿಡೀ ಮನೆಯೊಳಗಿನ ಬುಟ್ಟಿಯಲ್ಲಿಡದೆ ಅಂದೇ ತೆಂಗಿನ ಬುಡದಲ್ಲಿ ಆಳವಾಗಿ ಹೂಳುತ್ತಿದ್ದುದೂ ಅದೇ ಜಾಣ್ಮೆಯ ಭಾಗ. ಇಂದು ಫ್ಲ್ಯಾಟುಗಳಲ್ಲಿ ತೆಂಗಿನ ಬುಡವಿಲ್ಲದಿರಬಹುದು. ಕಸದ ಗಾಡಿ ಬರುವವರೆಗೆ ಅದನ್ನು ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಡುವ ಉಪಾಯವಂತೂ ಇದೆ.

ಬಚ್ಚಲಿನ ದುರ್ವಾಸನೆಗೆ ಅನೇಕರು ಫಿನಾಯಿಲ್ ಸುರಿಯುತ್ತಲೇ ಇರುತ್ತಾರೆ, ವಾಸನೆಯೂ ಬರುತ್ತಲೇ ಇರುತ್ತದೆ. ನೀರು ಹೋಗುವ ಕಿಂಡಿಯ ಕೆಳಗೆ ಕೊಳವೆಯನ್ನು ಬಾಗಿಸಿ ಅಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿರುತ್ತಾರೆ. ಚರಂಡಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ಬಳಸದ ಬಚ್ಚಲಿನಲ್ಲಿ ಅದು ಆರಿಹೋಗುತ್ತದೆ. ಯಜಮಾನರು ಗಲ್ಫಿನಲ್ಲಿದ್ದು ವರ್ಷದ ಹೆಚ್ಚಿನ ಕಾಲ ಬೀಗ ಹಾಕಿರುವ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅಂತಹ ಮನೆಯ ಕೀಲಿ ಇಟ್ಟುಕೊಂಡಿರುವ ಬಂಧುಗಳು ಎರಡು ವಾರಕ್ಕೊಮ್ಮೆ ಹೋಗಿ ಕಿಟಕಿಗಳನ್ನು ತೆರೆದು, ಪ್ರತಿ ಕಿಂಡಿಗೂ ಒಂದು ಚೊಂಬು ನೀರು ಹೊಯ್ದರೆ ಸಾಕು. ಬಚ್ಚಲನ್ನು ತೊಳೆಯುವವರಿಗೆ ಒಂದು ಎಚ್ಚರಿಕೆಯ ಮಾತು: ಬ್ಲೀಚಿಂಗ್ ಪುಡಿಯನ್ನೂ ಆಮ್ಲವಿರುವ ಟಾಯ್ಲೆಟ್ ಕ್ಲೀನರನ್ನೂ ಎಂದಿಗೂ ಒಟ್ಟಿಗೆ ಸುರಿಯಬಾರದು. ಅವೆರಡೂ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಹೊಮ್ಮುತ್ತದೆ. ಹಾಗೆಯೇ ಹಸುಗೂಸುಗಳ ಬಟ್ಟೆಯ ನಡುವೆ ನುಸಿಗುಳಿಗೆ ಇಡಬಾರದು. ಕೆಲವು ಶಿಶುಗಳ ರಕ್ತಕಣಗಳು ಅದರಿಂದ ಒಡೆದು ಪ್ರಾಣಕ್ಕೇ ಸಂಚಕಾರವಾಗುವುದುಂಟು.

ಶುದ್ಧಿಯ ಈ ಮೆಟ್ಟಲುಗಳನ್ನು ಏರಿದ ಬಳಿಕ ಸುಗಂಧದ ಸರದಿ. ಪ್ರವಾದಿ(ಸ)ರು ಸುಗಂಧವನ್ನು ಪ್ರೀತಿಸುತ್ತಿದ್ದರು, ಯಾರಾದರೂ ಸುಗಂಧವನ್ನು ಕೊಟ್ಟರೆ ನಿರಾಕರಿಸುತ್ತಿರಲಿಲ್ಲ. ವಸತಿ ಪ್ರದೇಶಗಳಲ್ಲಿ ಮಸೀದಿಗಳನ್ನು ಕಟ್ಟುವಂತೆಯೂ ಅವುಗಳನ್ನು ಶುಚಿಯಾಗಿಟ್ಟು ಪರಿಮಳಗೊಳಿಸುವಂತೆಯೂ ಅವರು ಆದೇಶಿಸಿದ್ದನ್ನು ಆಯಿಶಾ(ರ) ವರದಿ ಮಾಡಿದ್ದಾರೆ. ಇಲ್ಲಿಯೂ ಶುಚಿಯ ಮಾತು ಮೊದಲು, ಪರಿಮಳದ ಮಾತು ಅನಂತರ. ಊದ್, ಬಖೂರ್, ಸಾಂಬ್ರಾಣಿ ನಮ್ಮ ಮನೆಗಳ ಚಿರಪರಿಚಿತ ಅತಿಥಿಗಳು. ಅವುಗಳ ಹೊಗೆಯೂ ಹೊಗೆಯೇ ಎಂಬುದನ್ನು ಮಾತ್ರ ಮರೆಯಬಾರದು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ವಾಸನೆಯಿಲ್ಲದ, ಪ್ರಾಣಾಪಾಯಕಾರಿಯಾದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅಸ್ತಮಾ ಇರುವವರಿಗೂ ಶಿಶುಗಳಿಗೂ ಹೊಗೆ ಹಿಂಸೆಯಾಗುತ್ತದೆ. ಕಿಟಕಿ ತೆರೆದು, ಸ್ವಲ್ಪವೇ ಹೊತ್ತು, ಮಲಗುವ ಮುನ್ನ ಕೆಂಡ ನಂದಿಸಿ ಬಳಸೋಣ.

ಇಷ್ಟರವರೆಗೆ ಹೇಳಿದ್ದು ವಸ್ತುಗಳ ವಾಸನೆಯ ವಿಚಾರ. ಮನುಷ್ಯನ ಶರೀರದಿಂದ ಬರುವ ವಾಸನೆಯ ಕುರಿತು ಬರೆಯುವುದು ಅಷ್ಟು ಸುಲಭವಲ್ಲ. ಆದರೆ ವೃದ್ಧರಿರುವ ಎಷ್ಟೋ ಮನೆಗಳಲ್ಲಿ ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದು ಇದೇ ಆದ್ದರಿಂದ ಬರೆಯದೆ ಇರಲಾರೆವು.

ನಮ್ಮ ತಂದೆಯವರು ಪಾರ್ಶ್ವವಾಯುವಿನಿಂದ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಆರೋಗ್ಯದ ದಿನಗಳಲ್ಲಿ ಅಂಗಿಯ ಕಿಸೆಯಲ್ಲಿ ಅತ್ತರಿನ ಪುಟ್ಟ ಶೀಶೆಯಿಲ್ಲದೆ ಹೊರಗೆ ಕಾಲಿಟ್ಟವರಲ್ಲ. ಮಸೀದಿಯಲ್ಲಿ ಪಕ್ಕದಲ್ಲಿ ನಿಂತವರ ಅಂಗೈಗೂ ಒಂದು ತೊಟ್ಟು ಹಚ್ಚುತ್ತಿದ್ದರು. ಅಂಥವರ ಕೋಣೆಯಲ್ಲಿ ಮೂತ್ರದ ವಾಸನೆ ನೆಲೆಸಿತು. ನೋಡಲು ಬಂದವರು ಬಾಗಿಲ ಬಳಿಯೇ ನಿಂತು ದುಆ ಮಾಡಿ ಹೊರಡತೊಡಗಿದರು. ಹಿತೈಷಿಯೊಬ್ಬರು ಸುಗಂಧದ ಸ್ಪ್ರೇ ತಂದುಕೊಟ್ಟರು. ಗುಲಾಬಿಯ ವಾಸನೆ ಮೂತ್ರದ ವಾಸನೆಯೊಂದಿಗೆ ಬೆರೆತು ಮೊದಲಿಗಿಂತಲೂ ಅಸಹನೀಯವಾಯಿತು. ಆ ದಿನಗಳಲ್ಲಿಯೇ ತಂದೆಯವರು ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಲೋಟ ಬಾಯಿಗಿಟ್ಟರೆ ಎರಡು ಗುಟುಕು, ಅಷ್ಟೇ. ಕಾರಣ ಕೇಳಿದಾಗ, ತೊದಲುತ್ತಲೇ ಹೇಳಿದರು: "ಕುಡಿದರೆ ನಿಮಗೆ ಕೆಲಸ, ಬಂದವರಿಗೆ ವಾಸನೆ."

ಮನೆಗೆ ಬಂದು ರೋಗಿಗಳ ಆರೈಕೆ ನೋಡುವ ದಾದಿಯೊಬ್ಬರು ಈ ಮಾತನ್ನು ಕೇಳಿ ನಮ್ಮೆಲ್ಲರನ್ನೂ ಕೂರಿಸಿ ತಿಳಿಹೇಳಿದರು. ನೀರು ಕಡಿಮೆಯಾದಷ್ಟೂ ಮೂತ್ರ ಗಾಢವಾಗುತ್ತದೆ, ವಾಸನೆ ಹೆಚ್ಚುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ವೈದ್ಯರು ಮಿತಿ ಹೇಳಿರದಿದ್ದರೆ ಧಾರಾಳವಾಗಿ ನೀರು ಕುಡಿಸಬೇಕು. ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹತ್ತಿಯ ಬಟ್ಟೆ ಹಾಸಬೇಕು. ಒದ್ದೆಯಾದೊಡನೆ ಬದಲಿಸಬೇಕು, ಹೊತ್ತು ನೋಡಿ ಬದಲಿಸುವುದಲ್ಲ. ಪ್ರತಿ ಬಾರಿಯೂ ಮೈಯನ್ನು ನೀರಿನಿಂದ ಶುಚಿಗೊಳಿಸಿ, ಉಜ್ಜದೆ ಒತ್ತಿ ಒರೆಸಿ ಒಣಗಿಸಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನಲ್ಲಿ ಹುಣ್ಣಾಗಿ ಅದರಿಂದ ವಾಸನೆ ಬಂದರೆ ಅದು ಸೋಂಕಿನ ಸೂಚನೆ, ಅಂದೇ ವೈದ್ಯರಿಗೆ ತಿಳಿಸಬೇಕು. ಕೊಳೆಯಾದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸಾಬೂನಿನಲ್ಲಿ ಒಗೆದು, ಸಿಕ್ಕಷ್ಟು ಬಿಸಿಲಿಗೆ ಹಾಕಬೇಕು. ಮಂಚವನ್ನು ಮೂಲೆಯಿಂದ ಕಿಟಕಿಯ ಬಳಿಗೆ ಸರಿಸಲು ಅವರೇ ಕೈಜೋಡಿಸಿದರು.

ಎರಡು ವಾರಗಳಲ್ಲಿ ಕೋಣೆಯ ಗಾಳಿ ಬದಲಾಯಿತು. ಸ್ಪ್ರೇ ಕಪಾಟಿನಲ್ಲಿಯೇ ಉಳಿಯಿತು. ಮೊಮ್ಮಕ್ಕಳು ಮಂಚದ ಅಂಚಿನಲ್ಲಿ ಕುಳಿತು ಪಾಠ ಓದತೊಡಗಿದರು, ಬಂದವರು ಕುರ್ಚಿ ಎಳೆದುಕೊಂಡು ಕುಳಿತರು. ತಂದೆಯವರು ನೀರು ಕೇಳಿ ಕುಡಿದರು. ಶುಕ್ರವಾರದಂದು ಮೈ ತೊಳೆದು, ಬಿಳಿ ಅಂಗಿ ತೊಡಿಸಿ, ಅವರದೇ ಶೀಶೆಯಿಂದ ಒಂದು ತೊಟ್ಟು ಅತ್ತರ್ ಹಚ್ಚಿದಾಗ ಅದು ಅತ್ತರಿನಂತೆಯೇ ಘಮಘಮಿಸಿತು. ತಂದೆತಾಯಿಯರ ಮುಂದೆ "ಉಫ್" ಎಂಬ ಶಬ್ದವನ್ನೂ ಉಚ್ಚರಿಸಬಾರದೆಂದು ಸೂರಃ ಅಲ್ ಇಸ್ರಾ ನಮ್ಮನ್ನು ತಡೆದಿದೆ. ಮೂಗಿಗೆ ಹೋಗುವ ಕೈಯೂ ಒಂದು "ಉಫ್" ಆಗಬಲ್ಲುದೆಂದು ನಮಗೆ ಆ ಕೋಣೆಯಲ್ಲಿ ಅರ್ಥವಾಯಿತು.

ಈ ಕೆಲಸವನ್ನೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ನಮ್ಮ ಮದ್ರಸದ ಗಂಡುಮಕ್ಕಳ ತರಗತಿಯಲ್ಲಿ, ಮನೆಯ ಬಚ್ಚಲನ್ನು ತೊಳೆಯುವವರು ಯಾರೆಂದು ಕೇಳಿದಾಗ ಇಡೀ ತರಗತಿ ಒಂದೇ ಉಸಿರಿನಲ್ಲಿ "ಉಮ್ಮ" ಎಂದಿತು. ಶುದ್ಧಿಯು ಈಮಾನಿನ ಅರ್ಧವೆಂದು ಕಂಠಪಾಠ ಮಾಡಿದ ಮಕ್ಕಳವರು. ಆ ಅರ್ಧ ಭಾಗವನ್ನು ಪೂರ್ತಿಯಾಗಿ ತಾಯಿಯ ಹೆಗಲಿಗೆ ಹೊರಿಸಿ ಉಳಿದವರು ಪುಣ್ಯ ನಿರೀಕ್ಷಿಸುವುದು ಎಂತಹ ನ್ಯಾಯ? ಮನೆಯಲ್ಲಿ ಪ್ರವಾದಿ(ಸ)ರು ಏನು ಮಾಡುತ್ತಿದ್ದರೆಂದು ಕೇಳಿದವರಿಗೆ, ಅವರು ಮನೆಯವರ ಸೇವೆಯಲ್ಲಿ ಇರುತ್ತಿದ್ದರೆಂದು ಆಯಿಶಾ(ರ) ಉತ್ತರಿಸಿದ್ದರು. ಮದೀನಾದ ಮಸೀದಿಯ ಕಸ ಗುಡಿಸುತ್ತಿದ್ದ ಓರ್ವ ಮಹಿಳೆ ತೀರಿಕೊಂಡಾಗ, ಜನರು ಅದನ್ನು ದೊಡ್ಡ ಸಂಗತಿಯೆಂದು ಭಾವಿಸದೆ ಪ್ರವಾದಿ(ಸ)ರಿಗೆ ತಿಳಿಸಿರಲಿಲ್ಲ. ಅವರು ವಿಚಾರಿಸಿ, ಆಕೆಯ ಗೋರಿ ಎಲ್ಲಿದೆಯೆಂದು ಕೇಳಿ, ಅಲ್ಲಿಗೆ ಹೋಗಿ ಆಕೆಗಾಗಿ ನಮಾಝ್ ನಿರ್ವಹಿಸಿದರು. ಪೊರಕೆ ಹಿಡಿದ ಕೈಗೆ ಇದಕ್ಕಿಂತ ದೊಡ್ಡ ಗೌರವ ಯಾವುದಿದೆ? ಅಂದಿನಿಂದ ನಮ್ಮ ತರಗತಿಯ ಮಕ್ಕಳಿಗೆ ಒಂದು ಮನೆಪಾಠವಿದೆ: ಗುರುವಾರ ಸಂಜೆ ಬಚ್ಚಲನ್ನು ತೊಳೆಯುವುದು ಅವರ ಪಾಳಿ.

ಶುಚಿಯಾದ ಮನೆಗೆ ಸಿರಿತನ ಬೇಕಾಗಿಲ್ಲ. ಗಾಳಿ, ನೀರು, ಬಿಸಿಲು ಅಲ್ಲಾಹನು ಬೆಲೆಯಿಲ್ಲದೆ ಕೊಟ್ಟ ಅನುಗ್ರಹಗಳು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬಾರದೆಂದು ಹೇಳಿದಾಗ ಪ್ರವಾದಿ(ಸ)ರು ಕೊಟ್ಟ ಕಾರಣ, ಮನುಷ್ಯರಿಗೆ ಹಿಂಸೆಯಾಗುವುದು ಮಲಕ್‌ಗಳಿಗೂ ಹಿಂಸೆಯಾಗುತ್ತದೆ ಎಂಬುದು. ಪಕ್ಕದಲ್ಲಿರುವವರ ಉಸಿರಾಟದ ಬಗೆಗಿನ ಈ ಕಾಳಜಿಯನ್ನು ಮಸೀದಿಯ ಬಾಗಿಲಲ್ಲಿಯೇ ಬಿಟ್ಟುಬಾರದೆ ಮನೆಯೊಳಗೂ ತರೋಣ. ಇಂದು ಅಸರ್ ನಮಾಝಿನ ಬಳಿಕ ಮನೆಯ ಕಿಟಕಿಗಳನ್ನೆಲ್ಲ ತೆರೆಯೋಣ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಮೊದಲು ಅವರ ಕೋಣೆಯ ಕಿಟಕಿಯನ್ನು ತೆರೆದು, ಒಂದು ಲೋಟ ನೀರು ಕೊಟ್ಟು, ಅದನ್ನು ಅವರು ಪೂರ್ತಿ ಕುಡಿಯುವವರೆಗೆ ಪಕ್ಕದಲ್ಲಿ ಕುಳಿತಿರೋಣ.

ಅಲ್ಲಾಹನು ನಮ್ಮ ಮನೆಗಳನ್ನೂ ಮನಸ್ಸುಗಳನ್ನೂ ಶುದ್ಧಗೊಳಿಸಲಿ. ಆಮೀನ್.